ಶುಭ ಅವಸರದ ಮೇಲೆ

ಮದುವೆಯ ಹಂಗಾಮು ಬಂತೆಂದರೆ ಕರಡು ತಿದ್ದುವವರ ಮೇಜಿನ ಮೇಲೆ ಪುಸ್ತಕಗಳಿಗಿಂತ ಕರೆಯೋಲೆಗಳೇ ಹೆಚ್ಚಾಗಿ ಬಂದು ಬೀಳುತ್ತವೆ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಬಹುಕಾಲದಿಂದ ಬಟ್ಟೆ ವ್ಯಾಪಾರ ಮಾಡಿಕೊಂಡಿರುವ, ಮನೆಯೊಳಗೆ ಮಾರವಾಡಿ, ಅಂಗಡಿಯಲ್ಲಿ ಕನ್ನಡ, ಬಂಧುಬಳಗದ ಪತ್ರವ್ಯವಹಾರಕ್ಕೆ ಹಿಂದಿ ಎಂದು ಭಾಷೆಗಳನ್ನು ಪಾಲು ಮಾಡಿಕೊಂಡಿರುವ ಕುಟುಂಬವೊಂದರ ಕರೆಯೋಲೆ ಈಚೆಗೆ ಹಾಗೆಯೇ ನನ್ನ ಕೈಗೆ ಬಂದಿತ್ತು. ಎಡಪುಟದಲ್ಲಿ ಹಿಂದಿ, ಬಲಪುಟದಲ್ಲಿ ಅದರ ಕನ್ನಡ. ಹಿಂದಿಯಲ್ಲಿ ‘ವಿವಾಹ್ ಕೇ ಶುಭ ಅವಸರ್ ಪರ್’ ಎಂದಿದ್ದುದನ್ನು ಯಾರೋ ಪುಣ್ಯಾತ್ಮರು ‘ವಿವಾಹದ ಶುಭ ಅವಸರದ ಮೇಲೆ ತಾವು ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಿ’ ಎಂದು ಕನ್ನಡಕ್ಕೆ ಇಳಿಸಿದ್ದರು. ಹೀಗೇ ಅಚ್ಚಾದರೆ ಹೆಣ್ಣಿನ ಕಡೆಯವರಿಗೆ ಮದುವೆ ಮುಗಿಸಿ ಕೈತೊಳೆದುಕೊಳ್ಳುವ ಅವಸರ ಎಂದು ಜನ ನಗುತ್ತಾರೆ ಎಂದೆ. ಕಾರ್ಡು ತಂದಿದ್ದ ಹಿರಿಯರು ನಗಲಿಲ್ಲ. ‘ಅವಸರ್ ಅಂದ್ರೆ ಒಳ್ಳೇ ಮಾತೇ ಅಲ್ವಾ ಸಾರ್? ಮುಂದೆ ಶುಭ ಅಂತ ಬೇರೆ ಹಾಕಿದೀವಿ’ ಎಂದು ಗಂಭೀರವಾಗಿಯೇ ಕೇಳಿದರು.

ಅವರ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ. ‘ಶುಭ ಸಂದರ್ಭದಲ್ಲಿ’ ಎಂದು ತಿದ್ದಿ ಕಾರ್ಡನ್ನು ಮರಳಿಸಿದ್ದಾಯಿತು. ಆದರೆ ಆ ಸಾಲಿನಲ್ಲಿ ಎಡವಟ್ಟಾಗಿದ್ದ ಮಾತು ಒಂದಲ್ಲ, ಎರಡು. ‘ಅವಸರ’ ಎಂಬ ನಾಮಪದ ಒಂದಾದರೆ, ಅದರ ಬೆನ್ನಿಗಿದ್ದ ‘ಮೇಲೆ’ ಇನ್ನೊಂದು. ಹಿಂದಿಯವರು ಸಂದರ್ಭದ ‘ಮೇಲೆ’ ಬರುತ್ತಾರೆ, ನಾವು ಸಂದರ್ಭ‘ದಲ್ಲಿ’ ಬರುತ್ತೇವೆ. ಒಂದು ಪದ ಭಾಷೆಯಿಂದ ಭಾಷೆಗೆ ಹೋದಾಗ ಅದರ ಅರ್ಥ ಬದಲಾಯಿತೆಂದು ಹೇಳಿ ನಾವು ಸುಮ್ಮನಾಗುತ್ತೇವೆ. ಅರ್ಥ ಹೊರಳುವುದು ಬಹುಮಟ್ಟಿಗೆ ಪದದ ಒಳಗಲ್ಲ, ಅದರ ಬಾಲಕ್ಕೆ ಅಂಟಿಕೊಂಡ ವಿಭಕ್ತಿಯಲ್ಲಿ ಮತ್ತು ಅದರ ಪಕ್ಕಕ್ಕೆ ಬಂದು ನಿಂತ ಕ್ರಿಯಾಪದದಲ್ಲಿ ಎಂಬುದು ನನ್ನ ಎಣಿಕೆ. ಇದನ್ನು ತೋರಿಸಲು ‘ಅವಸರ’ಕ್ಕಿಂತ ಒಳ್ಳೆಯ ಪದ ನನಗೆ ಸಿಕ್ಕಿಲ್ಲ.

ಮೂಲ ಸಂಸ್ಕೃತ. ‘ಸೃ’ ಎಂದರೆ ಚಲಿಸು, ಹರಿ. ಅದಕ್ಕೆ ‘ಕೆಳಗೆ’ ಎಂಬ ಅರ್ಥದ ‘ಅವ’ ಎಂಬ ಉಪಸರ್ಗ ಸೇರಿದರೆ ‘ಅವಸರಃ’, ಅಕಾರಾಂತ ಪುಂಲ್ಲಿಂಗ. ಅಮರಕೋಶದಲ್ಲಿ ‘ಪ್ರಸ್ತಾವಃ ಸ್ಯಾದವಸರಃ’ ಎಂದಿದೆ. ಪ್ರಸ್ತಾವವೆಂದರೂ ಅವಸರವೆಂದರೂ ಒಂದೇ. ಎರಡೂ ತಕ್ಕ ಸಮಯ, ಸಂದರ್ಭ. ಮಾನಿಯರ್ ವಿಲಿಯಮ್ಸರ ಸಂಸ್ಕೃತ ಕೋಶವು ಇದರ ಜೊತೆಗೆ ಬಿಡುವು, ಸರದಿ, ಅನುಕೂಲವಾದ ಸ್ಥಿತಿ ಎಂಬ ಅರ್ಥಗಳನ್ನೂ ಕೊಡುತ್ತದೆ. ಎಲ್ಲಕ್ಕಿಂತ ಮೊದಲು ನೀರು ಇಳಿಯುವುದು, ಮಳೆ ಎಂಬ ಅರ್ಥವನ್ನೂ ಕೊಡುತ್ತದೆ. (ಆಗುಂಬೆಯ ಕಡೆಯವರು ಈ ಅರ್ಥವನ್ನು ತಕರಾರಿಲ್ಲದೆ ಒಪ್ಪಿಕೊಂಡಾರು; ಅಲ್ಲಿ ಮಳೆಗಿರುವಷ್ಟು ಅವಸರ ಇನ್ನಾವುದಕ್ಕೂ ಇಲ್ಲ.) ಗಮನಿಸಬೇಕಾದದ್ದು ಇಷ್ಟೆ: ಧಾವಂತ, ತ್ವರೆ ಎಂಬ ಅರ್ಥದ ಸುಳಿವೂ ಸಂಸ್ಕೃತದಲ್ಲಿ ಇಲ್ಲ. ಒಂದು ಕೆಲಸಕ್ಕೆ ಸರಿಯಾಗಿ ಒದಗಿ ಬಂದ ಹೊತ್ತು, ಅಷ್ಟೆ.

ಹಿಂದಿ ಈ ಅರ್ಥವನ್ನು ಹೆಚ್ಚುಕಡಿಮೆ ಹಾಗೆಯೇ ಇಟ್ಟುಕೊಂಡಿದೆ. ಅಲ್ಲಿ ‘ಅವಸರ್’ ಪುಂಲ್ಲಿಂಗವಾದ್ದರಿಂದ ‘ಅಚ್ಛಾ ಅವಸರ್ ಮಿಲಾ’ ಎನ್ನಬೇಕೇ ಹೊರತು ‘ಅಚ್ಛೀ ಮಿಲೀ’ ಎನ್ನುವಂತಿಲ್ಲ. ಕನ್ನಡದ ಮಕ್ಕಳು ಮೂರನೆಯ ಭಾಷೆಯಾಗಿ ಹಿಂದಿ ಕಲಿಯುವಾಗ ಬೆವರುವುದು ಇಲ್ಲಿಯೇ, ಏಕೆಂದರೆ ಸಂದರ್ಭಕ್ಕೂ ಅವಕಾಶಕ್ಕೂ ಗಂಡು ಹೆಣ್ಣೆಂಬ ಭೇದವನ್ನು ನಮ್ಮ ಭಾಷೆ ಕಲ್ಪಿಸಿಯೇ ಇಲ್ಲ. ಅವಸರ ‘ಸಿಗುತ್ತದೆ’, ಅವಸರವನ್ನು ‘ಕಳೆದುಕೊಳ್ಳುತ್ತಾರೆ’, ಅವಸರದ ‘ಲಾಭ ಎತ್ತುತ್ತಾರೆ’. ನಾವು ಸಮಯಸಾಧಕ ಎನ್ನುವವನನ್ನು ಅವರು ‘ಅವಸರವಾದಿ’ ಎನ್ನುತ್ತಾರೆ. ಕನ್ನಡದಲ್ಲಿ ಈ ಪದವನ್ನು ಕೇಳಿದವರಿಗೆ ಬಸ್ಸು ನಿಲ್ಲುವ ಮೊದಲೇ ಇಳಿಯುವ ಆಸಾಮಿಯೊಬ್ಬ ಕಣ್ಣಮುಂದೆ ಬರುತ್ತಾನೆ. ಗುಜರಾತಿಯಲ್ಲಿ ಪದ ಇನ್ನೂ ಸಂಭ್ರಮದ ಕಡೆಗೆ ವಾಲಿದೆ. ಅಲ್ಲಿ ಮನೆಯಲ್ಲಿ ‘ಅವಸರ’ ಇದೆ ಎಂದರೆ ಮದುವೆಯೋ ಸೀಮಂತವೋ ಇದೆ ಎಂದು ಅರ್ಥ. ನಾವು ‘ಮನೆಯಲ್ಲಿ ಕಾರ್ಯ ಇದೆ’ ಎನ್ನುತ್ತೇವಲ್ಲ, ಹಾಗೆ.

ಬಂಗಾಳಿಗೆ ಬಂದರೆ ಕತೆ ತಿರುವುಮುರುವಾಗುತ್ತದೆ. ಬರೆಯುವುದು ‘ಅವಸರ’ ಎಂದೇ, ಉಚ್ಚಾರ ಮಾತ್ರ ‘ಒಬೊಶೊರ್’. ಸಂಸ್ಕೃತದ ಅರ್ಥಗಳ ಸಾಲಿನಲ್ಲಿ ಮೂಲೆಯಲ್ಲಿ ಕುಳಿತಿದ್ದ ‘ಬಿಡುವು’ ಎಂಬುದನ್ನು ಬಂಗಾಳಿಗಳು ಎತ್ತಿ ಮುಂದೆ ಕೂರಿಸಿದರು. ಹೀಗಾಗಿ ಅಲ್ಲಿ ‘ಅವಸರ ಸಮಯ’ ಎಂದರೆ ಬಿಡುವಿನ ವೇಳೆ. ‘ಅವಸರ ಗ್ರಹಣ’ ಎಂದರೆ ನೌಕರಿಯಿಂದ ನಿವೃತ್ತಿ. ‘ಅವಸರಪ್ರಾಪ್ತ’ ಎಂದರೆ ಪಿಂಚಣಿ ಎಣಿಸುತ್ತಾ ಮನೆಯಲ್ಲಿ ಕುಳಿತಿರುವವನು. ಒಡಿಯಾದಲ್ಲಿಯೂ ಅಸ್ಸಾಮಿಯಲ್ಲಿಯೂ ನಿವೃತ್ತಿಗೆ ಈ ಪದವೇ. ಈಗ ಮೂರು ಭಾಷೆಗಳ ಸಪ್ತಮಿಯನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಸಂಸ್ಕೃತದ ‘ಅವಸರೇ’ ಎಂದರೆ ಆ ಸಂದರ್ಭದಲ್ಲಿ. ಬಂಗಾಳಿಯದೂ ಅದೇ ಎಕಾರದ ಪ್ರತ್ಯಯ, ಅದೇ ‘ಅವಸರೇ’. ಆದರೆ ಅರ್ಥ ‘ಬಿಡುವಾಗಿ, ಆರಾಮವಾಗಿ ಕುಳಿತು’. ಕನ್ನಡದ ‘ಅವಸರದಲ್ಲಿ’ ಎಂದರೆ ಕಾಲಿಗೆ ಚಪ್ಪಲಿ ಹಾಕಿಕೊಳ್ಳಲೂ ಪುರುಸೊತ್ತಿಲ್ಲದೆ. ಪದ ಒಂದು, ವಿಭಕ್ತಿ ಒಂದು; ಕೊಲ್ಕತ್ತದವನು ಅವಸರದಲ್ಲಿ ಚಹಾ ಕುಡಿದರೆ ಒಂದು ಗಂಟೆ, ಶಿವಮೊಗ್ಗದವನು ಕುಡಿದರೆ ಅರ್ಧ ನಿಮಿಷ.

ಘಟ್ಟದ ರಸ್ತೆಗಳಲ್ಲಿ ‘ಅವಸರವೇ ಅಪಘಾತಕ್ಕೆ ಕಾರಣ’ ಎಂಬ ಫಲಕವನ್ನು ಎಲ್ಲರೂ ಓದಿದ್ದೇವೆ. ಆಗುಂಬೆಯ 14 ಹಿಮ್ಮುರಿ ತಿರುವುಗಳನ್ನು ಇಳಿಯುವ ಲಾರಿಯ ಚಾಲಕ ಕನ್ನಡದ ಅಕ್ಷರ ಬಲ್ಲ ಬಿಹಾರದವನಾದರೆ ಒಳ್ಳೆಯ ಅವಕಾಶವೇ ಅಪಘಾತಕ್ಕೆ ಕಾರಣವೆಂದೂ, ಬಂಗಾಳದವನಾದರೆ ನಿವೃತ್ತಿಯೇ ಕಾರಣವೆಂದೂ ತಿಳಿದು ಚಿಂತೆಗೆ ಬೀಳಬೇಕು.

ಕನ್ನಡದಲ್ಲಿಯೂ ಹಳೆಯ ಅರ್ಥ ಒಂದು ಕಾಲಕ್ಕೆ ಬದುಕಿತ್ತೆನ್ನುವುದಕ್ಕೆ ದೂರ ಹೋಗಬೇಕಾಗಿಲ್ಲ. ಅದೇ ಘಟ್ಟವನ್ನಿಳಿದು ಉಡುಪಿಗೆ ಹೋದರೆ ಕೃಷ್ಣಮಠದಲ್ಲಿ ದಿನಕ್ಕೆ 14 ಪೂಜೆಗಳು ನಡೆಯುತ್ತವೆ. ಅವುಗಳಲ್ಲಿ ಅಲಂಕಾರ ಪೂಜೆಗೂ ಮಹಾಪೂಜೆಗೂ ನಡುವೆ ಬರುವುದು ‘ಅವಸರ ಸನಕಾದಿ ಪೂಜೆ’. ಈ ಹೆಸರನ್ನು ಕೇಳಿ ಇದು ಬೇಗ ಬೇಗ ಮುಗಿಸುವ ಪೂಜೆಯೆಂದು ತಿಳಿಯುವವರು ಇದ್ದಾರೆ. ಅಲ್ಲಿರುವುದು ಸಂಸ್ಕೃತದ ಅವಸರ, ಗೊತ್ತಾದ ಹೊತ್ತಿನ ಸೇವೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ‘ಸದ್ಯೋಜಾತಲಿಂಗ’ ಎಂಬ ಅಂಕಿತದಲ್ಲಿ ವಚನ ಬರೆದ ಅವಸರದ ರೇಕಣ್ಣ ಎಂಬವರಿದ್ದಾರೆ. ಹಡಪದ ಅಪ್ಪಣ್ಣ, ಮಡಿವಾಳ ಮಾಚಯ್ಯ ಎಂಬಂತೆ ಇಲ್ಲಿಯೂ ಹೆಸರಿನ ಹಿಂದೆ ನಿಂತಿರುವುದು ಕಾಯಕವೇ. ಹೊತ್ತಿಗೆ ಸರಿಯಾಗಿ ಸಲ್ಲಿಸುವ ಸೇವೆಯನ್ನು ಆ ಹೆಸರಿನಲ್ಲಿ ಓದಬೇಕೇ ಹೊರತು ಸ್ವಭಾವದ ಚುರುಕುತನವನ್ನಲ್ಲ. ಪುರಿಯ ಜಗನ್ನಾಥನಿಗೆ ಜ್ಯೇಷ್ಠ ಹುಣ್ಣಿಮೆಯ ಸ್ನಾನಯಾತ್ರೆಯಾದ ಮೇಲೆ ಜ್ವರ ಬರುತ್ತದೆಂದು ನಂಬಿಕೆ. ಆಗ ಹದಿನೈದು ದಿನ ದರ್ಶನವಿಲ್ಲ. ಆ ಅವಧಿಯ ಹೆಸರು ‘ಅನವಸರ’. ಒಡಿಯಾದ ಬಾಯಿಮಾತಿನಲ್ಲಿ ‘ಅಣಸರ’. ಭಕ್ತರಿಗೆ ದೇವರನ್ನು ಕಾಣುವ ಅವಸರ ಇಲ್ಲದಿರುವ ಕಾಲ.

ಇದೇ ‘ಅನವಸರ’ ತೆಲುಗಿನಲ್ಲಿ ಬಂದಾಗ ದೇವರೂ ಇಲ್ಲ, ಜ್ವರವೂ ಇಲ್ಲ. ‘ಅನವಸರಂ’ ಎಂದರೆ ಅನಗತ್ಯ. ತೆಲುಗಿನ ‘ಅವಸರಂ’ ಅಗತ್ಯ, ಬೇಕಾಗಿರುವಿಕೆ. ಈ ವ್ಯತ್ಯಾಸ ನನಗೆ ತಿಳಿದದ್ದು ಯಾವ ಕೋಶದಿಂದಲೂ ಅಲ್ಲ, ಸಕ್ಕರೆಯಿಂದ. ನಾನು ಬೆಳೆದದ್ದು ಭದ್ರಾವತಿಯಲ್ಲಿ. ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿದ ಮೇಲೆ, ಅನಂತರ ಕಾಗದದ ಕಾರ್ಖಾನೆಯೂ ಬಂದ ಮೇಲೆ, ಕೆಲಸ ಹುಡುಕಿಕೊಂಡು ಬಂದ ತಮಿಳರು, ತೆಲುಗರು, ಮಲಯಾಳಿಗಳು ಅಲ್ಲಿಯೇ ನೆಲೆಯೂರಿದ್ದರಿಂದ ಕ್ವಾರ್ಟರ್ಸಿನ ಒಂದೊಂದು ಸಾಲಿನಲ್ಲಿಯೂ ನಾಲ್ಕು ಭಾಷೆಗಳು ಕೇಳಿಬರುತ್ತಿದ್ದವು. ನಮ್ಮ ಪಕ್ಕದ ಮನೆಯವರು ತೆಲುಗರು. ತಿಂಗಳ ಕೊನೆಯಲ್ಲಿ ಅಮ್ಮ ಅವರಿಂದ ಒಂದು ಲೋಟ ಸಕ್ಕರೆ ಕಡ ತರುತ್ತಿದ್ದಳು. ರೇಷನ್ ಬಂದ ದಿನ ಅದೇ ಸ್ಟೀಲ್ ಲೋಟದಲ್ಲಿ, ಅಂಚಿನವರೆಗೆ ತುಂಬಿ ಬೆರಳಿನಿಂದ ಸಮ ಮಾಡಿ, ಮರಳಿಸಲು ಹೋಗುತ್ತಿದ್ದಳು. ಆ ಅತ್ತೆ ಬಾಗಿಲಲ್ಲೇ ನಿಂತು ‘ಅವಸರಂ ಲೇದು, ಉಂಚಂಡಿ’ ಎನ್ನುವರು. ಅಮ್ಮ ಲೋಟವನ್ನು ಮನೆಗೆ ತಂದು, ವಾರ ಕಳೆದು ಮತ್ತೆ ಒಯ್ಯುವಳು. ಮತ್ತೆ ‘ಅವಸರಂ ಲೇದು.’ ಅಮ್ಮನಿಗೆ ಕೇಳಿಸುತ್ತಿದ್ದದ್ದು ‘ಅವಸರ ಇಲ್ಲ, ಇಟ್ಟುಕೊಂಡಿರಿ, ನಿಧಾನವಾಗಿ ಕೊಟ್ಟರಾಯಿತು’ ಎಂದು; ಅವರು ಹೇಳುತ್ತಿದ್ದದ್ದು ‘ಅಗತ್ಯವಿಲ್ಲ, ನೀವೇ ಇಟ್ಟುಕೊಳ್ಳಿ’ ಎಂದು. ಎರಡು ವಾಕ್ಯಗಳೂ ಎರಡೂ ಕಿವಿಗಳಿಗೆ ಸರಿಯಾಗಿಯೇ ಹೊಂದಿಕೊಂಡದ್ದರಿಂದ ಇಬ್ಬರಿಗೂ ಅನುಮಾನವೇ ಬರಲಿಲ್ಲ. ಆ ಲೋಟ ಹೀಗೆ ಎರಡು ಹೊಸ್ತಿಲುಗಳ ನಡುವೆ ಓಡಾಡಿದ್ದು ಸಾಕಾಗಿ, ಕನ್ನಡ ಶಾಲೆಗೆ ಹೋಗುತ್ತಿದ್ದ ಅವರ ಮಗಳು ಒಮ್ಮೆ ನಗುತ್ತಾ ಹೇಳಿದಳು: ‘ಅಮ್ಮಂಗೆ ಸಕ್ಕರೆ ಬೇಡ್ವಂತೆ ಅತ್ತೆ. ನಿಧಾನಕ್ಕೆ ಕೊಡಿ ಅಂತಲ್ಲ, ಕೊಡೋದೇ ಬೇಡ ಅಂತ.’

ತೆಲುಗಿನಲ್ಲಿ ಪದದ ಅರ್ಥದಷ್ಟೇ ಅದು ವಾಕ್ಯದಲ್ಲಿ ಕೂರುವ ಜಾಗವೂ ಬೇರೆ. ‘ನಾಕು ಡಬ್ಬು ಅವಸರಂ’ ಎಂದರೆ ನನಗೆ ಹಣ ಬೇಕು ಎಂದು. ಇಲ್ಲಿ ಕ್ರಿಯಾಪದವೇ ಇಲ್ಲ. ಬೇಕಾದವನು ಚತುರ್ಥಿಯಲ್ಲಿ, ಬೇಕಾದ ವಸ್ತು ಪ್ರಥಮಾ ವಿಭಕ್ತಿಯಲ್ಲಿ, ‘ಅವಸರಂ’ ಎಂಬುದು ನಮ್ಮ ‘ಬೇಕು’ ಎಂಬುದರ ಸ್ಥಾನದಲ್ಲಿ. ಕನ್ನಡದಲ್ಲಿ ‘ನನಗೆ ಹಣ ಅವಸರ’ ಎಂದರೆ ವಾಕ್ಯ ಕುಂಟುತ್ತದೆ; ‘ಹಣದ ಅವಸರ ಇದೆ’ ಎಂದು ಷಷ್ಠಿಯನ್ನೂ ಕ್ರಿಯಾಪದವನ್ನೂ ತಂದರೆ ಮಾತ್ರ ನಿಲ್ಲುತ್ತದೆ, ಆಗಲೂ ಅದಕ್ಕೆ ‘ತುರ್ತಾಗಿ’ ಎಂಬ ಬಣ್ಣ ಹತ್ತಿಯೇ ಇರುತ್ತದೆ. ಆಂಧ್ರದ ರೇಷನ್ ಅಂಗಡಿಗಳಲ್ಲಿ ಸಿಗುವ ದಿನಬಳಕೆಯ ಸಾಮಾನುಗಳಿಗೆ ‘ನಿತ್ಯಾವಸರ ಸರುಕುಲು’ ಎನ್ನುತ್ತಾರೆ. ನಮ್ಮವರಿಗೆ ಇದು ಎರಡು ಪಟ್ಟು ಗೊಂದಲ: ನಿತ್ಯವೂ ಅವಸರ ಎಂಬುದೊಂದು; ಮಲೆನಾಡಿನ ಅಡಿಕೆ ಮಂಡಿಯಲ್ಲಿ ‘ಸರಕು’ ಎಂದರೆ ಬೆಟ್ಟೆ, ರಾಶಿ ಎಂಬ ಬಗೆಗಳಿಗಿಂತಲೂ ಹೆಚ್ಚು ಬೆಲೆ ಬಾಳುವ ಅಡಿಕೆ ಎಂಬುದು ಇನ್ನೊಂದು.

ಇಲ್ಲಿ ‘ಪಡು’ ಎಂಬ ಕ್ರಿಯಾಪದದ ಕಡೆಗೂ ತಿರುಗಬೇಕು. ಕನ್ನಡದಲ್ಲಿ ‘ಅವಸರಪಡಬೇಡ’ ಎನ್ನುತ್ತೇವೆ. ತಮಿಳಿನಲ್ಲಿ ‘ಅವಸರಪ್ಪಡಾದೇ’, ಸಂಧಿಯಲ್ಲಿ ಪಕಾರ ಇಮ್ಮಡಿಯಾದದ್ದು ಬಿಟ್ಟರೆ ಮಾತು ಒಂದೇ. ಎರಡೂ ಭಾಷೆಗಳಲ್ಲಿ ಪಡುವುದೆಂದರೆ ಅನುಭವಿಸುವುದು: ದುಃಖಪಡುತ್ತೇವೆ, ನಾಚಿಕೆಪಡುತ್ತೇವೆ, ಹಾಗೆಯೇ ಅವಸರವನ್ನೂ ಪಡುತ್ತೇವೆ. ಅಂದರೆ ಅವಸರ ಮನುಷ್ಯನ ಮೈಮನಸ್ಸಿನೊಳಗೆ ನಡೆಯುವ ಸಂಗತಿ. ತೆಲುಗಿನಲ್ಲಿ ‘ಪಡು’ ಎಂದರೆ ಮೂಲತಃ ಬೀಳು. ‘ಅವಸರಂ ಪಡಿತೇ’ ಎಂದರೆ ಅಗತ್ಯ ಬಿದ್ದರೆ. ಅಲ್ಲಿ ಅವಸರ ಹೊರಗಿನಿಂದ ಬಂದು ಮನುಷ್ಯನ ಮೇಲೆ ಬೀಳುತ್ತದೆ. ಹೊರಗೆ ಒದಗಿ ಬರುವ ‘ಸಂದರ್ಭ’ ಎಂಬ ಸಂಸ್ಕೃತದ ಅರ್ಥಕ್ಕೆ ತೆಲುಗು ಈ ದೃಷ್ಟಿಯಿಂದ ನಮಗಿಂತ ಹತ್ತಿರದಲ್ಲಿದೆ. ಕನ್ನಡವೂ ತಮಿಳೂ ಸಂದರ್ಭವನ್ನು ಒಳಗೆ ಎಳೆದುಕೊಂಡು ಎದೆಬಡಿತ ಮಾಡಿಕೊಂಡವು.

ತಮಿಳಿನಲ್ಲಿ ಈ ಪದಕ್ಕೆ ನಮ್ಮಲ್ಲಿ ಇಲ್ಲದ ಗಾಂಭೀರ್ಯವೂ ಇದೆ. ಅಲ್ಲಿ ಆಂಬುಲೆನ್ಸಿಗೆ ‘ಅವಸರ ಊರ್ದಿ’ ಎನ್ನುತ್ತಾರೆ, ಆಸ್ಪತ್ರೆಯ ತುರ್ತು ವಿಭಾಗಕ್ಕೆ ‘ಅವಸರ ಸಿಗಿಚ್ಚೈ ಪಿರಿವು’. ಸಿಗಿಚ್ಚೈ ನಮ್ಮ ಚಿಕಿತ್ಸೆಯೇ. ಕನ್ನಡದಲ್ಲಿ ಯಾವ ವೈದ್ಯರಾದರೂ ‘ಅವಸರ ಚಿಕಿತ್ಸೆ’ ಕೊಟ್ಟರೆಂದರೆ ರೋಗಿಯ ಮನೆಯವರು ಜಗಳಕ್ಕೆ ನಿಲ್ಲುತ್ತಾರೆ. 1975ರ ಜೂನ್ 25ರಂದು ದೇಶದ ಮೇಲೆ ಹೇರಿದ್ದನ್ನು ನಾವು ‘ತುರ್ತು ಪರಿಸ್ಥಿತಿ’ ಎಂದು ಕರೆದರೆ, ತಮಿಳಿನಲ್ಲಿ ‘ಅವಸರನಿಲೈ’ ಎಂದೂ, ತೆಲುಗಿನಲ್ಲಿ ‘ಅತ್ಯವಸರ ಪರಿಸ್ಥಿತಿ’ ಎಂದೂ ಬರೆದರು. ತೆಲುಗಿನವರು ‘ಅತಿ’ ಎಂಬುದನ್ನು ಸೇರಿಸಬೇಕಾಗಿ ಬಂದದ್ದು ಏಕೆಂಬುದು ಈಗ ತಾನೇ ತಿಳಿಯುತ್ತದೆ: ಅವರಲ್ಲಿ ಬರಿಯ ಅವಸರಕ್ಕೆ ತ್ವರೆಯಿಲ್ಲ, ಅಗತ್ಯ ಮಿತಿಮೀರಿದಾಗ ಮಾತ್ರ ಅದು ತುರ್ತಾಗುತ್ತದೆ. ಅಗತ್ಯದಿಂದ ತ್ವರೆಗೆ ಹೋಗುವ ದಾರಿ ಆ ಎರಡಕ್ಷರದ ಉಪಸರ್ಗದಲ್ಲಿ ತೆರೆದೇ ಇದೆ. ಇನ್ನು ನಮ್ಮ ‘ತುರ್ತು’ ಕೂಡ ನೆರೆಯ ಪದವೇ. ಮರಾಠಿಯಲ್ಲಿ ‘ತೂರ್ತ್’, ‘ತೂರ್ತಾಸ್’ ಎಂದರೆ ‘ಸದ್ಯಕ್ಕೆ, ಈಗಿನ ಮಟ್ಟಿಗೆ’ ಎಂಬ ತಣ್ಣನೆಯ ಮಾತು. ನಮ್ಮಲ್ಲಿ ಅದಕ್ಕೂ ಬೆಂಕಿ ಹತ್ತಿಕೊಂಡಿದೆ.

ಹೊತ್ತನ್ನೋ ಕಾಯಿಲೆಯನ್ನೋ ಹೇಳುತ್ತಿದ್ದ ಪದವನ್ನು ಹಿಡಿದು ತ್ವರೆಗೆ ಹೂಡುವುದು ನಮ್ಮ ಭಾಷೆಗಳಿಗೆ ಅಭ್ಯಾಸವೇ ಆಗಿಹೋಗಿರುವಂತೆ ಕಾಣುತ್ತದೆ. ‘ಆತುರ’ ಎಂದರೆ ಸಂಸ್ಕೃತದಲ್ಲಿ ರೋಗಿ. ಆಯುರ್ವೇದದಲ್ಲಿ ಇಂದಿಗೂ ಆತುರನೆಂದರೆ ಚಿಕಿತ್ಸೆಗೆ ಬಂದವನೇ. ಕನ್ನಡದಲ್ಲಿ ‘ಆತುರಗಾರನಿಗೆ ಬುದ್ಧಿ ಮಟ್ಟ’ ಎನ್ನುವಾಗ ಯಾರಿಗೂ ರೋಗಿಯ ನೆನಪಾಗುವುದಿಲ್ಲ. ಮಲಯಾಳದವರು ಎಲ್ಲರನ್ನೂ ಮೀರಿಸಿದ್ದಾರೆ. ಅವರು ‘ಅವಸರಂ’ ಎಂಬುದನ್ನು ಹಿಂದಿಯವರ ಹಾಗೆ ಒಳ್ಳೆಯ ಅವಕಾಶ ಎಂಬ ಅರ್ಥಕ್ಕೆ ಮೀಸಲಿಟ್ಟು, ಗಡಿಬಿಡಿಗೆ ‘ಧೃತಿ’ ಎನ್ನುತ್ತಾರೆ. ಸಂಸ್ಕೃತದಲ್ಲಿ ಧೃತಿಯೆಂದರೆ ಸ್ಥೈರ್ಯ, ಅಲುಗಾಡದೆ ನಿಲ್ಲುವ ಗುಣ! ‘ಧೃತಿಗೆಡಬೇಡ’ ಎಂದು ಕನ್ನಡಿಗ ಧೈರ್ಯ ಹೇಳಿದರೆ ಕೇರಳದ ಗೆಳೆಯನಿಗೆ ಕೇಳಿಸುವುದೇನೋ. ತೆಲುಗಿನಲ್ಲಿ ಗಡಿಬಿಡಿಗೆ ‘ತೊಂದರ’. ನಮ್ಮ ‘ತೊಂದರೆ’, ತಮಿಳಿನ ‘ತೊಂದರವು’ ಎರಡೂ ಕಷ್ಟ, ಕಿರುಕುಳ. ಹೀಗಾಗಿ ಬಳ್ಳಾರಿಯ ಕಡೆಯಿಂದ ಬಂದ ತೆಲುಗು ಮನೆಮಾತಿನವರು ‘ತೊಂದರ ಲೇದು, ಅವಸರಂ ಉಂದಿ’ ಎಂದರೆ ‘ಆತುರವಿಲ್ಲ, ಆದರೆ ಬೇಕು’ ಎಂದು ಅರ್ಥ. ಪದಗಳನ್ನು ಮಾತ್ರ ಹಿಡಿದ ಕನ್ನಡಿಗನಿಗೆ ಅದು ‘ತೊಂದರೆಯಿಲ್ಲ, ಆದರೆ ಅವಸರವಿದೆ’ ಎಂದಾಗುತ್ತದೆ.

‘ಅವಸರ’ ಖಾಲಿ ಮಾಡಿದ ಜಾಗಕ್ಕೆ ಕನ್ನಡದಲ್ಲಿ ‘ಅವಕಾಶ’ ಬಂದು ಕುಳಿತಿತು. ಹಿಂದಿಯಲ್ಲಿ ‘ಅವಕಾಶ್’ ಎಂದರೆ ರಜೆ. ಸರ್ಕಾರಿ ನೌಕರನ ಸಾಂದರ್ಭಿಕ ರಜೆ ಅಲ್ಲಿ ‘ಆಕಸ್ಮಿಕ್ ಅವಕಾಶ್’. ಮಲಯಾಳದಲ್ಲಿ ‘ಅವಕಾಶಂ’ ಎಂದರೆ ಹಕ್ಕು. 2005ರ ಮಾಹಿತಿ ಹಕ್ಕು ಕಾಯ್ದೆ ಅಲ್ಲಿ ‘ವಿವರಾವಕಾಶ ನಿಯಮಂ’. ತಮಿಳಿನ ‘ಅವಗಾಸಂ’ ಕೊಟ್ಟ ಗಡುವಿಗೆ ಸೇರಿಸಿ ಕೊಡುವ ಕಾಲ. ಇದನ್ನೇ ಬೆಳೆಸಿದರೆ ಬೇರೊಂದು ಬರಹವಾದೀತು. ದಕ್ಷಿಣಕ್ಕೆ ಇನ್ನೂ ಸರಿದು ಸಿಂಹಳಕ್ಕೆ ಹೋದರೆ ‘ಅವಸರ’ ಅನುಮತಿಯಾಗುತ್ತದೆ, ‘ಅವಸರ ದೆನ್ನ’ ಎಂದರೆ ಅಪ್ಪಣೆ ಕೊಡಿ ಎಂದು. ಅಲ್ಲಿ ಅವಸರವಿಲ್ಲದೆ ಒಳಗೆ ಬರುವುದು ಅವಿನಯ.

ಇಷ್ಟೆಲ್ಲ ಅರ್ಥಗಳಲ್ಲಿ ಎರಡನ್ನು ಒಂದೇ ದಿನದಲ್ಲಿ ಬಳಸುವ ಊರು ನಮ್ಮ ಮಗ್ಗುಲಲ್ಲೇ ಇದೆ. ತುಂಗೆಯ ದಡದ ಮತ್ತೂರು ಸಂಸ್ಕೃತದ ಊರೆಂದು ಹೆಸರಾದದ್ದು 1981ರ ಸಂಭಾಷಣ ಶಿಬಿರದ ಅನಂತರ. ಅಲ್ಲಿನವರ ಮನೆಮಾತು ಸಂಕೇತಿ, ಪೇಟೆಯ ಮಾತು ಕನ್ನಡ. ಸಂಸ್ಕೃತದಲ್ಲಿ ಮಾತಾಡುವಾಗ ಗಡಿಬಿಡಿ ಬೇಡವೆನ್ನಲು ‘ತ್ವರಾ ಮಾಸ್ತು’ ಎನ್ನಬೇಕು. ‘ಅವಸರಃ ಮಾಸ್ತು’ ಎಂದರೆ ಅವಕಾಶವೇ ಬೇಡವೆಂದು ಕೈಮುಗಿದಂತಾಗುತ್ತದೆ. ಕನ್ನಡದ ಮನೆಗಳಿಂದ ಹೋಗಿ ಸಂಸ್ಕೃತ ಕಲಿಯುವವರು ಹೆಚ್ಚಾಗಿ ಎಡವುವುದು ಗೊತ್ತಿಲ್ಲದ ಪದಗಳಲ್ಲಲ್ಲ, ಇಂಥ ತೀರಾ ಗೊತ್ತಿರುವ ಪದಗಳಲ್ಲಿ.

ಸಂದರ್ಭ ಎಂಬ ಅರ್ಥದಿಂದ ಕನ್ನಡದ ಧಾವಂತಕ್ಕೆ ಪದ ಬಂದದ್ದು ಹೇಗೆಂಬುದಕ್ಕೆ ಉತ್ತರ ಮಲೆನಾಡಿನ ಆಡುಮಾತಿನಲ್ಲಿಯೇ ಇದೆ ಎಂದು ನನಗೆ ತೋರುತ್ತದೆ. ನಮ್ಮ ಕಡೆಯ ಅಡಿಕೆ ಬೆಳೆಗಾರರು ಕೊಯ್ಲು ಮುಗಿದು ಮಂಡಿಗೆ ಮಾಲು ಸಾಗಿಸಿದ ಮೇಲೂ ಒಂದೆರಡು ಚೀಲ ಅಡಿಕೆಯನ್ನು ಅಟ್ಟದ ಮೇಲೆ ಉಳಿಸಿಕೊಳ್ಳುತ್ತಾರೆ. ಏಕೆಂದು ಕೇಳಿದರೆ ‘ಅವಸರಕ್ಕೆ ಇರ್ಲಿ ಅಂತ’ ಎನ್ನುತ್ತಾರೆ. ಇಲ್ಲಿ ಧಾವಂತದ ಸೋಂಕೇ ಇಲ್ಲ. ಮಗಳ ಕಾಲೇಜು ಫೀಸು ಬರಬಹುದು, ಯಾರಿಗೋ ಆಸ್ಪತ್ರೆ ಎಂದಾಗಬಹುದು, ಅಂಥ ಹೊತ್ತಿಗೆ ಒದಗಲಿ ಎಂದು. ಇದು ಅಪ್ಪಟ ತೆಲುಗಿನ ಅವಸರ, ಅದರ ಹಿಂದೆ ಸಂಸ್ಕೃತದ ಅವಸರ. ಆ ಚೀಲವನ್ನು ಮಾರಿದ ಮೇಲೆ ಅದೇ ಬೆಳೆಗಾರರ ಬಾಯಲ್ಲಿ ಎರಡು ವಾಕ್ಯಗಳು ಬರಬಹುದು. ‘ಅವಸರಕ್ಕೆ ಮಾರಿದೆ’ ಎಂದರೆ ಕಷ್ಟಕ್ಕೆ ಹಣ ಬೇಕಾಗಿತ್ತು, ಮಾರಿದೆ. ಹೇಳುವವರ ದನಿಯಲ್ಲಿ ತಪ್ಪಿತಸ್ಥ ಭಾವ ಇರುವುದಿಲ್ಲ, ಕೇಳುವವರೂ ತಲೆದೂಗುತ್ತಾರೆ. ‘ಅವಸರದಲ್ಲಿ ಮಾರಿದೆ’ ಎಂದರೆ ಧಾರಣೆ ಏರುವವರೆಗೆ ಕಾಯಲಿಲ್ಲ, ಕೈಸುಟ್ಟುಕೊಂಡೆ. ಪದ ಅದೇ, ಚೀಲ ಅದೇ, ಮಂಡಿಯೂ ಅದೇ; ಚತುರ್ಥಿಯಲ್ಲಿ ಅಗತ್ಯ ಕುಳಿತಿದೆ, ಸಪ್ತಮಿಯಲ್ಲಿ ಆತುರ. ಹಣದ ಜರೂರು ಬಿದ್ದವನು ಬೆಲೆಗೆ ಕಾಯಲಾರ, ಅಗತ್ಯದ ಹೊತ್ತೇ ಗಡಿಬಿಡಿಯ ಹೊತ್ತೂ ಆಗಿಬಿಡುತ್ತದೆ ಎಂಬಲ್ಲಿ ಒಂದು ಅರ್ಥ ಇನ್ನೊಂದಕ್ಕೆ ದಾಟಿರಬೇಕು. ದಾಟಿದ ಮೇಲೂ ‘ಅವಸರಕ್ಕೆ’ ಎಂಬ ರೂಪ ಹಳೆಯ ದಡದಲ್ಲಿಯೇ ಉಳಿದುಕೊಂಡಿತು. ಕೋಶಗಳು ಪ್ರಥಮಾ ವಿಭಕ್ತಿಯ ಪದವನ್ನು ಮುಂದಿಟ್ಟು ಒಂದು, ಎರಡು, ಮೂರು ಎಂದು ಅರ್ಥ ಎಣಿಸುವುದರಿಂದ ಈ ಸೂಕ್ಷ್ಮ ಅಲ್ಲಿ ಕಾಣುವುದು ಕಷ್ಟ.

ಈಗಿನ ಹುಡುಗರ ಬಾಯಲ್ಲಿ ‘ಅವಸರ’ ಕಡಿಮೆಯಾಗುತ್ತಿದೆ. ಆ ಜಾಗಕ್ಕೆ ‘ಅರ್ಜೆಂಟ್’ ಬಂದಿದೆ. ಇಂಗ್ಲಿಷಿನಲ್ಲಿ ಅದು ಗುಣವಾಚಕ. ಕನ್ನಡಕ್ಕೆ ಬಂದ ಮರುಗಳಿಗೆಯಲ್ಲೇ ನಾಮಪದವಾಗಿ ‘ಅವಸರ’ದ ಒಂದೊಂದು ಅಂಗಿಯನ್ನೂ ತೊಟ್ಟುಕೊಂಡಿತು: ‘ನಂಗೆ ಅರ್ಜೆಂಟ್ ಇದೆ’, ‘ಅರ್ಜೆಂಟ್ ಮಾಡ್ಬೇಡ ಮಾರಾಯ’, ‘ಅರ್ಜೆಂಟಲ್ಲಿ ಮರೆತೆ’. ಕೇವಲ ತ್ವರೆಯ ಅರ್ಥವನ್ನಷ್ಟೇ ಅದು ಹೊತ್ತು ತಂದಿದ್ದರೆ ಚತುರ್ಥಿಯ ಹಳೆಯ ಅರ್ಥ ಇಲ್ಲಿಗೆ ಕೊನೆಯಾಗಬೇಕಿತ್ತು. ಹಾಗಾಗಿಲ್ಲ. ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ತೀರ್ಥಹಳ್ಳಿಯ ಬಸ್ಸಿಗೆ ಕಾಯುತ್ತಿದ್ದ ಕಾಲೇಜು ಹುಡುಗನೊಬ್ಬ ಗೆಳೆಯನಿಗೆ ನೂರರ ನೋಟೊಂದನ್ನು ಮಡಚಿ ಮೊಬೈಲಿನ ಕವರಿನ ಹಿಂದೆ ತುರುಕುತ್ತಾ ಹೇಳಿದ: ‘ಇರ್ಲಿ ಬಿಡು, ಅರ್ಜೆಂಟಿಗೆ ಆಗುತ್ತೆ.’ ಅವನಿಗೆ ಯಾವ ಗಡಿಬಿಡಿಯೂ ಇರಲಿಲ್ಲ. ಬಸ್ಸು ಬರುವುದಕ್ಕೆ ಇನ್ನೂ ಮುಕ್ಕಾಲು ಗಂಟೆಯಿತ್ತು.